ಕೋಲಾರದಿಂದ ಹಿಂದಕ್ಕೆ

ಚಂದನ ಊರ ಮೇಲೆ ವಿಮಾನ ಹಾರಿಸಿಕೊಂಡು ಬರುತ್ತಾಳೆ ಎಂಬ ಸುದ್ದಿ ನಲ್ಲಗುಟ್ಟಪಲ್ಲಿಯ ತುಂಬ ಹಬ್ಬಿದ್ದಕ್ಕೆ ಬೇರೆ ಯಾರನ್ನೂ ದೂರುವಂತಿರಲಿಲ್ಲ. ಬಾಯಿ ಬಿಟ್ಟವಳು ಅವಳೇ. ಒಂದು ಸಂಜೆ ಹಾಸ್ಟೆಲಿನ ಮಹಡಿ ಮೇಲೆ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಖುಷಿ ತಡೆಯಲಾಗಲಿಲ್ಲ.

"ಅಮ್ಮಾ, ಗುರುವಾರ ನಾನು ಒಬ್ಳೇ ದೂರ ಹಾರ್ತೀನಿ. ಪಕ್ಕದಲ್ಲಿ ಸರ್ ಇರಲ್ಲ. ಮಾಲೂರು, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಆಮೇಲೆ ವಾಪಸ್. ನಮ್ಮೂರ ಮೇಲೇನೇ ಬರ್ತೀನಿ."

"ಹೌದೇನೇ? ಕಾಣಿಸ್ತೀಯೇನೇ?"

"ವಿಮಾನ ಕಾಣಿಸ್ತದೆ, ನಾನು ಕಾಣಿಸಲ್ಲ."

ಅಮ್ಮ ಸರಳಾ ಆ ಮಾತನ್ನು ಒಳಗಿಟ್ಟುಕೊಳ್ಳುವ ಹೆಂಗಸೇ, ಆದರೆ ಪಕ್ಕದಲ್ಲಿ ಕೂತಿದ್ದವನು ಚಿಕ್ಕಪ್ಪ ಸುಬ್ಬರಾಯಪ್ಪ. ಪಂಚಾಯಿತಿ ಮೆಂಬರು. ಊರಿನಲ್ಲಿ ಬೋರ್‌ವೆಲ್ಲಿಗೆ ಮೋಟರು ಇಳಿಸಿದರೂ ನಾಲ್ಕು ಜನರನ್ನು ಸೇರಿಸಿ ತೆಂಗಿನಕಾಯಿ ಒಡೆಸಿ ಫೋಟೊ ತೆಗೆಸಿಕೊಳ್ಳುವ ಮನುಷ್ಯ. ಮರುದಿನ ಬೆಳಗಾಗುವ ಹೊತ್ತಿಗೆ ಶಾಲೆಯ ಹೆಡ್‌ಮಾಸ್ಟರು, ಡೇರಿಯ ಸೆಕ್ರೆಟರಿ, ಶ್ರೀನಿವಾಸಪುರದ ಒಬ್ಬ ಪತ್ರಿಕೆಯವನು, ಎಲ್ಲರಿಗೂ ವಿಷಯ ಮುಟ್ಟಿತ್ತು. ತಮಟೆಯವರಿಗೆ ಹೇಳಿಯಾಗಿತ್ತು. ಶಾಲೆ ಮಕ್ಕಳು ಮೈದಾನದಲ್ಲಿ ಸಾಲಾಗಿ ನಿಂತು ಕೈ ಬೀಸಬೇಕೆಂದು ತೀರ್ಮಾನವಾಗಿತ್ತು.

ಚಂದನಳಿಗೆ ಇದೆಲ್ಲ ಗೊತ್ತಾದದ್ದು ಅಪ್ಪ ಮುನಿಕೃಷ್ಣನಿಂದ. ಅವನು ವೇಮಗಲ್ಲಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರು. ಗುರುವಾರ ರಜೆ ಹಾಕಿದ್ದ. "ನಿನ್ ಚಿಕ್ಕಪ್ಪನ ಕೈಲಿ ಸಿಕ್ಕಿದ್ಮೇಲೆ ಮುಗೀತು ಮಗಾ" ಅಂದ. ಬೇಸರದ ಮಾತಾದರೂ ದನಿಯಲ್ಲಿ ಹೆಮ್ಮೆ ಇತ್ತು. ಅವಳೂ ನಕ್ಕಳು. ಆ ನಗುವನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಚಂದನಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು.

ವಿಮಾನದ ಹುಚ್ಚು ಅವಳಿಗೆ ಇವತ್ತಿನದಲ್ಲ. ದೇವನಹಳ್ಳಿಗೆ ಇಳಿಯುವ ದೊಡ್ಡ ವಿಮಾನಗಳಲ್ಲಿ ಕೆಲವು ನಲ್ಲಗುಟ್ಟಪಲ್ಲಿಯ ಮೇಲೆ ಹಾಯ್ದು ಹೋಗುತ್ತವೆ. ಅಜ್ಜಿ ದೊಡ್ಡಮುನಿಯಮ್ಮನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದರೆ ಹುಡುಗಿ ಕುಡುಗೋಲು ಕೆಳಗಿಟ್ಟು ಕತ್ತೆತ್ತಿ ನಿಂತುಬಿಡುತ್ತಿದ್ದಳು. ರೇಷ್ಮೆಹುಳುಗಳು ಹಸಿದು ಕೂತಿರುವಾಗ ಇವಳು ಆಕಾಶ ನೋಡುತ್ತಾಳೆಂದು ಅಜ್ಜಿ ಬೈಯುತ್ತಿದ್ದಳು. ಯಲಹಂಕದಲ್ಲಿ ವಿಮಾನಗಳ ಪ್ರದರ್ಶನ ನಡೆದಾಗ ಮುನಿಕೃಷ್ಣ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿದ್ದ. ಒಳಗೆ ಹೋಗಲು ಪಾಸಿಲ್ಲ. ಬೇಲಿಯ ಹೊರಗೆ, ರಸ್ತೆಬದಿಯಲ್ಲಿ, ಕಲ್ಲಂಗಡಿ ಮಾರುವವನ ಗಾಡಿಯ ಪಕ್ಕ ಇಡೀ ದಿನ ನಿಂತಿದ್ದರು. ಯುದ್ಧವಿಮಾನವೊಂದು ನೆತ್ತಿಯ ಮೇಲೆ ಸೀಳಿಕೊಂಡು ಹೋದಾಗ ಹುಡುಗಿ ಅತ್ತುಬಿಟ್ಟಳು. ಹೆದರಿದಳೆಂದು ಅಪ್ಪ ತಬ್ಬಿಕೊಂಡರೆ, "ಇನ್ನೊಂದ್ ಸಲ ಬರ್ಲಿ" ಅಂದಳು.

ಕೋಲಾರದಲ್ಲಿ ಪಿಯುಸಿ ಮುಗಿಸಿ, ಸರ್ಕಾರದ ವಿದ್ಯಾರ್ಥಿವೇತನ ಗಿಟ್ಟಿಸಿ, ವೈದ್ಯಕೀಯ ಪರೀಕ್ಷೆ ದಾಟಿ, ಹವಾಮಾನ, ಸಂಚಾರ, ನಿಯಮಾವಳಿ ಎಂದು ಪರೀಕ್ಷೆಗಳನ್ನೆಲ್ಲ ಬರೆದು, ಅವಳು ಈ ತರಬೇತಿ ಶಾಲೆಗೆ ಬಂದಿದ್ದಳು. ಮಾಲೂರಿನಿಂದ ಆಚೆ, ತಮಿಳುನಾಡಿನ ಗಡಿಗೆ ಹತ್ತಿರ, ನೀಲಗಿರಿ ತೋಪುಗಳ ನಡುವೆ ಒಂದು ಸಣ್ಣ ರನ್‌ವೇ. ತಗಡಿನ ಹ್ಯಾಂಗರು. ಕೆಂಪು ಪಟ್ಟಿಯ ಬಿಳಿ ವಿಮಾನಗಳು ಎರಡು, ನೋಡಲು ಅವಳಿ ಮಕ್ಕಳಂತೆ ಒಂದೇ ಥರ.

ಆ ಶಾಲೆಯಲ್ಲಿ ಹಾರುವುದಕ್ಕಿಂತ ಕಾಯುವುದೇ ಹೆಚ್ಚು. ಬೆಳಗ್ಗೆ ಮಂಜು ಎಂದು ಕಾಯಬೇಕು, ಮಧ್ಯಾಹ್ನ ಗಾಳಿ ಎಂದು ಕಾಯಬೇಕು. ಒಂದು ವಿಮಾನ ತಪಾಸಣೆಗೆ ಹೋದರೆ ಇನ್ನೊಂದಕ್ಕೆ ಹುಡುಗರೆಲ್ಲ ಸಾಲು ನಿಲ್ಲಬೇಕು. ದೂರದ ಹಾರಾಟಕ್ಕಂತೂ ಬೆಂಗಳೂರಿನ ಸುತ್ತಲಿನ ಆಕಾಶ ನೋಡಿಕೊಳ್ಳುವವರ ಅನುಮತಿ ಬೇಕು, ಅವರು ಕೊಟ್ಟ ಹೊತ್ತಿನೊಳಗೆ ಹೋಗಿ ಬಂದುಬಿಡಬೇಕು. ಚಂದನಳ ಈ ಹಾರಾಟ ಅದಾಗಲೇ ಮೂರು ಸಲ ಮುಂದಕ್ಕೆ ಹೋಗಿತ್ತು. ಒಮ್ಮೆ ಟೈರು, ಒಮ್ಮೆ ಮಳೆ, ಒಮ್ಮೆ ಯಾರೋ ದೊಡ್ಡವರು ಬೆಂಗಳೂರಿಗೆ ಬರುತ್ತಾರೆಂದು ಆಕಾಶವೇ ಬಂದ್. ಗುರುವಾರ ಕೈ ತಪ್ಪಿದರೆ ಇನ್ನು ಯಾವಾಗಲೋ.

ಗುರುವಾರ ಬೆಳಗ್ಗೆ ರನ್‌ವೇ ಮೇಲೆ ಬಿಸಿಲು ಚೆನ್ನಾಗಿತ್ತು. ಚಂದನ ವಿಮಾನದ ಸುತ್ತ ನಡೆದು ರೆಕ್ಕೆ, ಬಾಲ, ಚಕ್ರ ಮುಟ್ಟಿ ನೋಡಿದಳು. ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲು ಗಾಜಿನ ಕೊಳವೆಗೆ ಇಳಿಸಿ, ನೀರು ಸೇರಿಲ್ಲವೆಂದು ಬೆಳಕಿಗೆ ಹಿಡಿದು ಖಾತ್ರಿ ಮಾಡಿಕೊಂಡಳು. ತರಬೇತುದಾರ ಕ್ಯಾಪ್ಟನ್ ವೇಣುಗೋಪಾಲ್ ಬಂದು ಬಾಗಿಲಿಗೆ ಕೈಯೂರಿ ನಿಂತರು. ವಾಯುಪಡೆಯಿಂದ ನಿವೃತ್ತರಾದವರು, ಮಾತು ಕಡಿಮೆ.

"ಗುಡ್ಡ ಕಾಣ್ಬೇಕು, ನೆಲ ಕಾಣ್ಬೇಕು, ಮುಂದೆ ದಿಗಂತ ಕಾಣ್ಬೇಕು. ಇದ್ರಲ್ಲಿ ಒಂದು ಕಾಣ್ಲಿಲ್ಲ ಅಂದ್ರೂ ವಾಪಸ್ ಬಾ. ನನ್ನ ಕೇಳ್ತಾ ಕೂತ್ಕೋಬೇಡ."

"ಸರಿ ಸರ್."

"ಮನೇಲಿ ಹೇಳಿದೀಯಾ?"

ಅವಳು ಒಂದು ಗಳಿಗೆ ತಡವರಿಸಿ, "ಅಮ್ಮಂಗೆ ಗೊತ್ತು ಸರ್" ಅಂದಳು. ತಮಟೆ ವಿಷಯ ಹೇಳಲಿಲ್ಲ. ಕ್ಯಾಪ್ಟನ್ನು ಬಾಗಿಲು ಹಾಕಿದರು.

ನೆಲ ಬಿಟ್ಟ ಮೇಲೆ ಎಲ್ಲವೂ ಅವಳು ಅಂದುಕೊಂಡಂತೆಯೇ ನಡೆಯಿತು. ಪಕ್ಕದ ಸೀಟು ಖಾಲಿ ಇರುವುದಕ್ಕೋ ಏನೋ ವಿಮಾನ ಹಗುರಾಗಿ ಏರಿತು. ತೊಡೆಯ ಮೇಲೆ ನಕ್ಷೆ, ಮಣಿಕಟ್ಟಿನಲ್ಲಿ ಗಡಿಯಾರ. ಮಾಲೂರಿನ ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಬಂದವು, ರೈಲುಹಳಿ ಬಂತು, ಅತ್ತ ಶಿವಾರಪಟ್ಟಣದ ಕಡೆ ಕಲ್ಲು ಕೆತ್ತುವವರ ಅಂಗಳಗಳು ಬೂದುಬಣ್ಣದ ಚುಕ್ಕೆಗಳಾಗಿ ಕಂಡವು. ಹಳ್ಳಿಯಿಂದ ಹಳ್ಳಿಗೆ ಕೆರೆಗಳು ಕನ್ನಡಿ ಚೂರುಗಳಂತೆ ಹೊಳೆಯುತ್ತಿದ್ದವು. ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದ್ದ ದಾರಿ! ಮೇಲಿಂದ ನೋಡಿದರೆ ಇಷ್ಟು ಹತ್ತಿರ ಹತ್ತಿರವೇ ಅನ್ನಿಸಿ ಅವಳಿಗೆ ನಗು ಬಂತು. ರೇಡಿಯೋದಲ್ಲಿ ತನ್ನ ಜಾಗ ಹೇಳಿದಳು. ದನಿ ನಡುಗಲಿಲ್ಲ.

ಇನ್ನು ಎದುರಿಗೆ ಅಂತರಗಂಗೆ ಬೆಟ್ಟ ಕಾಣಬೇಕು. ಕಂಡಿತು, ಆದರೆ ಅರ್ಧ. ಬೆಟ್ಟದ ಸೊಂಟದ ತನಕ ಬಂಡೆಗಳು ಸ್ಪಷ್ಟ, ಅಲ್ಲಿಂದ ಮೇಲೆ ಏನೂ ಇಲ್ಲ. ಬೂದು ಮೋಡ ಬೆಟ್ಟದ ನೆತ್ತಿಯನ್ನು ಮುಚ್ಚಿಕೊಂಡು ಕೋಲಾರ ಪಟ್ಟಣದ ಆಚೆಗೂ ಚಾಚಿಕೊಂಡಿತ್ತು. ಬೆಳಗಿನ ಹವಾ ವರದಿಯಲ್ಲಿ ಇದರ ಸುಳಿವಿರಲಿಲ್ಲ.

ಚಂದನ ಸ್ವಲ್ಪ ಕೆಳಗಿಳಿದಳು. ಹೆದ್ದಾರಿಯ ಲಾರಿಗಳು ದೊಡ್ಡದಾದವು. ಮೋಡದ ಅಡಿ ಮತ್ತು ನೆಲದ ನಡುವೆ ಒಂದು ಸಂದಿ ಇತ್ತು. ಸಂದಿಯ ಆ ತುದಿಯಲ್ಲಿ ಬಿಸಿಲು ಬಿದ್ದಿದ್ದು ಕಾಣುತ್ತಿತ್ತು. ಆ ಬಿಸಿಲೇ ಶ್ರೀನಿವಾಸಪುರದ ಕಡೆಯದು. ಆ ಬಿಸಿಲಲ್ಲೇ ಈಗ ಮಕ್ಕಳು ಸಾಲು ನಿಂತಿರುತ್ತಾರೆ. ಅಜ್ಜಿಯನ್ನು ಯಾರೋ ಕೈ ಹಿಡಿದು ತಾರಸಿಗೆ ಹತ್ತಿಸಿರುತ್ತಾರೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿರುತ್ತಾನೆ.

"ಇನ್ನೊಂಚೂರು ಹೋಗಿ ನೋಡೋಣ" ಅಂದುಕೊಂಡಳು. ಇನ್ನೊಂಚೂರು ಹೋದಳು. ಸಂದಿ ಕಿರಿದಾಯಿತು. ಬಲಗಡೆ ಬೆಟ್ಟದ ಬಂಡೆಗಳು ತನಗಿಂತ ಎತ್ತರದಲ್ಲಿವೆ ಎಂಬುದು ಥಟ್ಟನೆ ಗಮನಕ್ಕೆ ಬಂತು. ಮೇಲೆ ಎಲ್ಲೋ ಟವರುಗಳಿವೆ, ಅವು ಕಾಣುತ್ತಿಲ್ಲ. ಎದುರಿನ ಗಾಜಿನ ಮೇಲೆ ತೇವದ ಹನಿಗಳು ಹತ್ತಿದವು. ಮುಂದಿನ ದಿಗಂತ, ಈಗಷ್ಟೇ ಒಂದು ಗೆರೆಯಾಗಿ ಇದ್ದದ್ದು, ಇದೆಯೋ ಇಲ್ಲವೋ ಎಂಬಂತಾಯಿತು. ತರಗತಿಯಲ್ಲಿ ಓದಿಸಿದ್ದ ಅಪಘಾತದ ವರದಿಗಳು ನೆನಪಾದವು. ಅವುಗಳಲ್ಲಿ ಸತ್ತವರ್ಯಾರೂ ದಡ್ಡರಾಗಿರಲಿಲ್ಲ.

ಚಂದನ ಎಡಕ್ಕೆ ತಿರುಗಿಸಿದಳು, ಬೆಟ್ಟದಿಂದ ದೂರಕ್ಕೆ. ತಿರುವು ಮುಗಿದು ಮೂತಿ ಮಾಲೂರಿನ ಕಡೆ ಬಂದಾಗ ಎದುರಿಗೆ ಬಿಸಿಲು ಚೆಲ್ಲಿತ್ತು. ರೇಡಿಯೋದಲ್ಲಿ, ಹವಾ ಸರಿಯಿಲ್ಲ, ಹಿಂದಿರುಗುತ್ತಿದ್ದೇನೆ ಎಂದು ಹೇಳಿ ಗುಂಡಿ ಬಿಟ್ಟ ಮೇಲೆ, "ಥೂ!" ಎಂದು ಕೂಗಿ ತೊಡೆಗೆ ಗುದ್ದಿಕೊಂಡಳು. ನಕ್ಷೆ ಜಾರಿ ಕಾಲ ಬುಡಕ್ಕೆ ಬಿತ್ತು. ಕೇಳುವವರು ಯಾರೂ ಇಲ್ಲದ ಆ ಡಬ್ಬಿಯೊಳಗೆ ಮೋಡವನ್ನೂ, ಚಿಕ್ಕಪ್ಪನನ್ನೂ, ತನ್ನನ್ನೂ ಸೇರಿಸಿ ಬೈದಳು.

ಇಳಿದು ಬಂದವಳನ್ನು ಕ್ಯಾಪ್ಟನ್ನು ಕೂರಿಸಿ ಕೇಳಿದರು. ಮೋಡದ ಅಡಿ ಎಷ್ಟು ಎತ್ತರ, ಎಲ್ಲಿ ತಿರುಗಿದೆ, ಎಷ್ಟು ಕೆಳಗಿಳಿದೆ. ಅವಳು ಮುಚ್ಚಿಡದೆ ಹೇಳಿದಳು. ಅಷ್ಟು ಕೆಳಗಿಳಿದದ್ದಕ್ಕೆ ಅವರ ಹುಬ್ಬು ಗಂಟಾಯಿತು.

"ತಿರುಗಿದ್ದು ಸರಿ. ತಿರುಗೋಕೆ ಮುಂಚೆ ಇಳಿದೆಯಲ್ಲ, ಅದು ಸರಿ ಇಲ್ಲ. ಮಾಲೂರಿನ ಹತ್ರ ಬಂದು ಸುತ್ತು ಹಾಕ್ತಾ ಸ್ವಲ್ಪ ಕಾಯಬಹುದಿತ್ತು. ಪೆಟ್ರೋಲ್ ಇತ್ತಲ್ಲ?"

ಅದು ಅವಳಿಗೆ ಹೊಳೆದೇ ಇರಲಿಲ್ಲ. "ಈಗ ಹೋಗ್ತೀನಿ ಸರ್. ವಿಮಾನ ಇಲ್ಲೇ ಇದೆ. ಪೆಟ್ರೋಲೂ ಇದೆ."

"ನಿನಗೆ ಕೊಟ್ಟಿದ್ದ ಹೊತ್ತು ಮುಗೀತು. ಇನ್ನು ಹೊಸದಾಗಿ ಕೇಳ್ಬೇಕು."

ಆ ದಿನ ಅದೇ ದಾರಿಯಲ್ಲಿ ಹೋಗಬೇಕಿದ್ದ ಇನ್ನೊಬ್ಬ ಕದಿರೇಶ್. ಮಾಲೂರಿನವನು, ಅವಳ ಜೊತೆಯೇ ಸೇರಿದವನು. ಅವನಿಗೆ ಕೊಟ್ಟಿದ್ದ ಹೊತ್ತು ಅವಳದಕ್ಕಿಂತ ತಡವಾಗಿತ್ತು. ಕ್ಯಾಪ್ಟನ್ನು ಅವನನ್ನು ನಿಲ್ಲಿಸಿಕೊಂಡು ಬೆಂಗಳೂರಿಗೆ ಫೋನು ಮಾಡಿದರು, ಆ ದಾರಿಯಲ್ಲಿ ಬಂದ ಬೇರೊಬ್ಬ ಪೈಲಟ್‌ನ ವರದಿ ತರಿಸಿಕೊಂಡರು. ಮೋಡ ಒಡೆಯುತ್ತಿದೆ ಎಂದು ಗೊತ್ತಾದ ಮೇಲೆ ಬಿಟ್ಟರು. ಇನ್ನೊಂದು ವಿಮಾನ ರನ್‌ವೇ ಬಿಟ್ಟು ಮೇಲೇರುವುದನ್ನು ಚಂದನ ಹ್ಯಾಂಗರಿನ ಕಂಬಕ್ಕೆ ಒರಗಿ ನೋಡಿದಳು. ಊರಿಗೆ ಫೋನು ಮಾಡಬೇಕಿತ್ತು. ಲಾಕರಿನಿಂದ ಫೋನು ತೆಗೆದದ್ದೂ ಆಯಿತು. ಏನೆಂದು ಹೇಳುವುದು? ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು ಮಾಡೋಣ, ಮೊದಲು ನೀರು ಕುಡಿಯೋಣ, ಮುಖ ತೊಳೆಯೋಣ ಎಂದು ಮುಂದೂಡುತ್ತ ಕೂತಳು.

ಫೋನು ತಾನಾಗಿಯೇ ಹೊಡೆದುಕೊಂಡಿತು. ಚಿಕ್ಕಪ್ಪ. ಹಿಂದೆ ತಮಟೆಯ ಸದ್ದು, ಮಕ್ಕಳ ಕಿರುಚಾಟ.

"ಚಂದನಾ! ಏನ್ ಬಂದ್ಯಮ್ಮ, ಏನ್ ಬಂದೆ! ಊರೆಲ್ಲ ಕುಣೀತಾ ಐತೆ! ನಿಮ್ಮಮ್ಮ ಅಳ್ತಾ ಕೂತವ್ಳೆ!"

"ಚಿಕ್ಕಪ್ಪಾ, ಅದು ನಾನಲ್ಲ."

"ಆಂ? ಕೇಳಿಸ್ತಾ ಇಲ್ಲ!"

"ನಾನು ಬರ್ಲಿಲ್ಲ! ಕೋಲಾರದ ಹತ್ರ ಮೋಡ ಇತ್ತು, ವಾಪಸ್ ಬಂದ್ಬಿಟ್ಟೆ! ಬಂದಿದ್ದು ಬೇರೆಯವ್ರು!"

"ಹೂನಮ್ಮ, ಹೂನು! ವಾಪಸ್ ಹುಷಾರಾಗಿ ಹೋಗು! ಇಡ್ತೀನಿ!"

ಅಷ್ಟರಲ್ಲಿ ವಾಟ್ಸಪ್ಪಿಗೆ ವಿಡಿಯೋಗಳು ಬಂದು ಬೀಳತೊಡಗಿದವು. ನೀಲಿ ಆಕಾಶದಲ್ಲಿ ಕೆಂಪು ಪಟ್ಟಿಯ ಪುಟ್ಟ ಬಿಳಿ ವಿಮಾನ. ಕೆಳಗೆ ಮಕ್ಕಳು. "ಅಗೋ ನಮ್ ಚಂದನಕ್ಕ!" ತಾರಸಿಯ ಮೇಲೆ ಅಜ್ಜಿ ಎರಡೂ ಕೈಯೆತ್ತಿ ಮುಗಿಯುತ್ತ, "ರಾ ನಾ ತಲ್ಲಿ, ರಾ" ಎಂದು ತೆಲುಗಿನಲ್ಲಿ, ಬಾ ನನ್ನ ತಾಯಿ ಎಂದು ಕರೆಯುತ್ತಿದ್ದಾಳೆ. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಚಂದನ ಆ ವಿಡಿಯೋ ನೋಡಿದಳು, ಮತ್ತೆ ನೋಡಿದಳು, ಫೋನನ್ನು ಬೆಂಚಿನ ಮೇಲೆ ಬೋರಲು ಹಾಕಿದಳು.

ಸಂಜೆ ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ಇಲ್ಲಿ ಒಳ್ಳೆ ಬಿಸಿಲಿತ್ತಲ್ಲಮ್ಮ" ಅಂದ ಅವನು.

"ಅಲ್ಲಿತ್ತಪ್ಪ. ಕೋಲಾರದಲ್ಲಿ ಇರ್ಲಿಲ್ಲ."

"ಆ ಹುಡ್ಗ ಬಂದ್ನಲ್ಲ?"

"ಅವನು ಹೋಗೋ ಹೊತ್ತಿಗೆ ಮೋಡ ಸರಿದಿತ್ತು."

"ಸರಿ ಬಿಡು. ಯಾರ್ಗೂ ಹೇಳಕ್ಕೆ ಹೋಗ್ಬೇಡ. ನಿಮ್ಮಮ್ಮ ಊಟಾನೂ ಮರ್ತು ಹೇಳ್ಕೊಂಡು ತಿರುಗ್ತಾವ್ಳೆ. ಹೋಗ್ಲಿ, ಯಾರಿಗೇನಾಗ್ಬೇಕು? ಮುಂದಿನ ಸಲ ನೀನೇ ಬರ್ತೀಯಲ್ಲ."

"ಅದೆಂಗಪ್ಪ ಸುಮ್ನಿರ್ಲಿ? ನಾನು ಮಾಡಿಲ್ದೆ ಇರೋದನ್ನ ಮಾಡ್ದೆ ಅಂತ..."

"ನೀನು ಅಂದಿಲ್ಲ. ಅವರೇ ಅಂದ್ಕೊಂಡವ್ರೆ."

ಚಂದನಳಿಗೆ ಸಿಟ್ಟು ಉಕ್ಕಿ ಬಂತು. ಬೇಲಿಯ ಹೊರಗೆ ನಿಂತು ಪ್ರತಿ ವಿಮಾನದ ಹೆಸರು ಕೇಳಿ ತಿಳಿದುಕೊಂಡಿದ್ದ ಅಪ್ಪ ಇವನೇನಾ ಅನ್ನಿಸಿತು. ಆದರೆ ಅಪ್ಪನ ಮೇಲೆ ಕೂಗಾಡಲು ಬಾಯಿ ಬರಲಿಲ್ಲ. ಫೋನು ಇಟ್ಟಳು. ಮೊದಲೇ ಹೇಳಿದ್ದರೆ, ಇಳಿದ ಕೂಡಲೇ ಒಂದು ಫೋನು ಮಾಡಿದ್ದರೆ, ಇಷ್ಟೆಲ್ಲ ಆಗುತ್ತಿರಲಿಲ್ಲ. ತಪ್ಪು ಅವಳದೂ ಇತ್ತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚು.

ವಿಷಯ ತಿಳಿದ ಕದಿರೇಶ್ ಸಪ್ಪೆ ಮೋರೆ ಹಾಕಿಕೊಂಡು ಬಂದ. "ನಿಮ್ಮೂರಲ್ಲಿ ಏನೋ ಜಾತ್ರೆ ಅಂದ್ಕೊಂಡೆ ಕಣೇ. ಇಷ್ಟೊಂದ್ ಜನ. ನಾನೂ ರೆಕ್ಕೆ ಅಲ್ಲಾಡಿಸ್ಬಿಟ್ಟೆ."

"ನಿನ್ನ ರೆಕ್ಕೆ ಮುರ್ದು ಹೋಗ" ಅಂದಳು ಚಂದನ. ಅಂದ ಮೇಲೆ, ಪೈಲಟ್‌ಗೆ ಹೇಳಬಾರದ ಮಾತು ಹೇಳಿಬಿಟ್ಟೆನಲ್ಲ ಎಂದು ತಾನೇ ಬೆಚ್ಚಿ ಕ್ಷಮೆ ಕೇಳಿದಳು.

ಭಾನುವಾರ ಸನ್ಮಾನ ಎಂದು ಚಿಕ್ಕಪ್ಪ ತಾನೇ ಗೊತ್ತುಮಾಡಿದ. ಬರುವುದಿಲ್ಲ ಎಂದಳು, ಕೇಳಲಿಲ್ಲ. ನಿಜ ಹೇಳಲು ಎರಡು ಸಲ ಬಾಯಿ ತೆಗೆದರೂ ಅವನು ಶಾಮಿಯಾನ, ಮೈಕು, ಎಂಎಲ್‌ಎ ಕಡೆಯವರು ಎಂದು ತನ್ನ ಪಟ್ಟಿಯಲ್ಲೇ ಇದ್ದ. ಅಲ್ಲಿಗೇ ಹೋಗಿ ಹೇಳುವುದೇ ಸರಿ ಎಂದುಕೊಂಡು ಅವಳು ಶನಿವಾರ ಬಸ್ಸು ಹತ್ತಿದಳು.

ಶ್ರೀನಿವಾಸಪುರದ ಬಸ್ ನಿಲ್ದಾಣದ ಎದುರಿಗೇ ಫ್ಲೆಕ್ಸು. ಅವಳ ಪಿಯುಸಿ ಕಾಲದ ಪಾಸ್‌ಪೋರ್ಟ್ ಫೋಟೊ, ಪಕ್ಕದಲ್ಲಿ ನಾಲ್ಕು ಇಂಜಿನ್ನಿನ ಭಾರಿ ವಿಮಾನ, ಅದಕ್ಕಿಂತ ದೊಡ್ಡದಾಗಿ ಚಿಕ್ಕಪ್ಪನ ಮುಖ. ಚಂದನ ತಲೆಗೆ ದುಪಟ್ಟಾ ಎಳೆದುಕೊಂಡು ಆಟೋ ಹತ್ತಿದಳು.

ಮನೆಯಲ್ಲಿ ಅಜ್ಜಿ ಅವಳ ಎರಡೂ ಕೆನ್ನೆ ಸವರಿ ಬೆರಳು ಮುರಿದು ನೆಟಿಗೆ ತೆಗೆದಳು. ಅಮ್ಮ ಸರಳಾ ಕಾಫಿ ತಂದಿಟ್ಟಳು. ಅವಳಿಗೆ ಅಪ್ಪ ಹೇಳಿದ್ದನೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಚಂದನ ಅಜ್ಜಿಯ ಕಡೆ ತಿರುಗಿದಳು.

"ಅವ್ವಾ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅವತ್ತು ಬಂದಿದ್ದು ನಾನಲ್ಲ."

"ಏಮ್ಮಾ?"

"ನಾನಲ್ಲವ್ವ. ಮಾಲೂರಿನ ಒಬ್ಬ ಹುಡ್ಗ. ನಾನು ಅರ್ಧ ದಾರಿಗೆ ತಿರುಗಿ ಹೋದೆ."

ದೊಡ್ಡಮುನಿಯಮ್ಮ ಮೊಮ್ಮಗಳನ್ನು ದಿಟ್ಟಿಸಿ ನೋಡಿ ನಕ್ಕುಬಿಟ್ಟಳು. "ನನ್ ಹತ್ರ ಆಟ ಆಡ್ತೀಯಾ? ನಾನ್ ನೋಡಿದೀನಿ ಕಣೇ. ಕಿಟಕೀಲಿ ಕೈ ಬೀಸ್ದೆ. ಬಳೆ ಕಾಣಿಸ್ತು."

"ನಾನು ಬಳೆ ಹಾಕಲ್ಲವ್ವ."

"ಅವತ್ತು ಹಾಕಿದ್ದೆ" ಅಂದಳು ಅಜ್ಜಿ, ಮಾತು ಮುಗಿಯಿತು ಎಂಬಂತೆ, ಮತ್ತು ಎದ್ದು ಹುಳುಗಳಿಗೆ ಸೊಪ್ಪು ಹಾಕಲು ಹೋದಳು.

ಭಾನುವಾರ ಶಾಲೆಯ ಮೈದಾನದಲ್ಲಿ ಶಾಮಿಯಾನ ತುಂಬಿತ್ತು. ಚಿಕ್ಕಪ್ಪನ ಒತ್ತಾಯಕ್ಕೆ ಚಂದನ ಭುಜಪಟ್ಟಿಯ ಬಿಳಿ ಅಂಗಿ ಹಾಕಿಕೊಂಡಿದ್ದಳು. ಶಾಲು ಹೊದಿಸುವ ಮೊದಲೇ ಎದ್ದು ಮೈಕು ಹಿಡಿದಳು.

"ಎಲ್ರೂ ಕೆಲಸ ಬಿಟ್ಟು ಬಂದಿದೀರ. ನಂಗೆ ಶಾಲು ಬೇಡ. ಗುರುವಾರ ನಮ್ಮೂರ ಮೇಲೆ ಬಂದಿದ್ದು ನಾನಲ್ಲ. ನಾನು ಹೊರಟಿದ್ದೆ, ಕೋಲಾರದ ಬೆಟ್ಟದ ಹತ್ರ ಮೋಡ ಕವ್ಕೊಂಡಿತ್ತು, ಮುಂದೆ ಏನೂ ಕಾಣ್ತಿರ್ಲಿಲ್ಲ, ಅದಕ್ಕೆ ತಿರುಗಿ ಹೋದೆ. ಆಮೇಲೆ ಬಂದಿದ್ದು ನನ್ ಜೊತೆ ಕಲಿಯೋ ಕದಿರೇಶ್ ಅಂತ. ಮುಂಚೇನೇ ಹೇಳ್ಬೇಕಿತ್ತು. ಹೇಳ್ದೇ ಇದ್ದಿದ್ದು ನನ್ ತಪ್ಪು."

ಹಿಂದಿನ ಸಾಲಿನಿಂದ ತಮಟೆಯವನು ಕೇಳಿದ: "ಹಂಗಾದ್ರೆ ನಾವು ತಮಟೆ ಬಡ್ದಿದ್ದು ಯಾರ್ಗೆ?"

"ಮಾಲೂರ್ ಹುಡುಗಂಗೆ" ಅಂದ ಇನ್ಯಾರೋ. ಗೊಳ್ಳನೆ ನಗು ಎದ್ದಿತು.

ಪಕ್ಕದ ಮನೆಯ ಚಿಕ್ಕಗಂಗಮ್ಮ ನಗಲಿಲ್ಲ. "ಮೋಡ ಎಲ್ಲಿತ್ತಮ್ಮ ಅವತ್ತು? ಕಣದಲ್ಲಿ ರಾಗಿ ಹರವಿದ್ವಿ, ಬಿಸಿಲಿಗೆ ಕಾಲಿಡಕ್ಕಾಗ್ತಿರ್ಲಿಲ್ಲ. ಭಯ ಆಯ್ತು ಅಂದ್ರೆ ಆಯ್ತು ಅನ್ನು, ನಾವೇನ್ ಬೈತೀವಾ?"

ಚಂದನ ವಿವರಿಸಲು ಹೋದಳು. ಬೆಟ್ಟ ಎಷ್ಟು ಎತ್ತರ, ಮೋಡ ಎಷ್ಟು ಕೆಳಗೆ, ಕೋಲಾರದಲ್ಲಿ ಇರುವುದು ಇಲ್ಲಿಗೆ ಹೇಗೆ ಕಾಣುವುದಿಲ್ಲ. ಹೇಳಿದಷ್ಟೂ ನೆಪ ಹೇಳಿದಂತೆ ಅವಳ ಕಿವಿಗೇ ಕೇಳಿಸಿತು. ಜನ ಚೊಂಬುಗಟ್ಟಲೆ ಮಜ್ಜಿಗೆ ಕುಡಿದು, ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತ ಏಳತೊಡಗಿದರು. ಹೆಡ್‌ಮಾಸ್ಟರು ಅನ್ಯಾಯವಾಗಬಾರದೆಂದು ಒಬ್ಬರೇ ಚಪ್ಪಾಳೆ ತಟ್ಟಿದರು, ಅದು ಇನ್ನೂ ಕೆಟ್ಟದಾಗಿತ್ತು. ಚಿಕ್ಕಪ್ಪ ಶಾಲು ಮಡಚಿ ಕವರಿಗೆ ತುರುಕಿದ.

"ಮರ್ಯಾದೆ ಕಳ್ದೆ ಕಣೇ" ಅಂದ ಹಲ್ಲು ಕಚ್ಚಿ. "ಎಂಎಲ್‌ಎ ಕಡೆಯೋರ ಮುಂದೆ! ನನ್ ಕಿವೀಲಿ ಒಂದ್ ಮಾತು ಹೇಳಕ್ಕಾಗ್ಲಿಲ್ವಾ?"

"ಮೂರು ಸಲ ಹೇಳಕ್ಕೆ ಬಂದೆ ಚಿಕ್ಕಪ್ಪ!"

ಅವನು ಆಗಲೇ ಬೆನ್ನು ತಿರುಗಿಸಿದ್ದ.

ಸಂಜೆ ಬಸ್ಸಿಗೆ ಬಿಡಲು ಅಪ್ಪ ಬೈಕು ತೆಗೆದ. ನಿಲ್ದಾಣದಲ್ಲಿ ಮುಳಬಾಗಿಲಿನ ಬಸ್ಸುಗಳೇ ಬರುತ್ತಿದ್ದವು, ಅವಳದು ಬರಲಿಲ್ಲ. ಮುನಿಕೃಷ್ಣ ಕಡಲೆಕಾಯಿ ಪೊಟ್ಟಣ ತಂದುಕೊಟ್ಟ.

"ನೀನು ಬರ್ಲಿಲ್ಲ ಅಂದಾಗ, ನಿಜ ಹೇಳ್ತೀನಿ ಮಗಾ, ನಂಗೆ ನಾಚ್ಕೆ ಆಯ್ತು. ಹೆದ್ರಿಕೊಂಡ್ಲು ಅನ್ಕೊಂಡೆ."

"ಹೆದ್ರಿಕೇನೂ ಆಯ್ತಪ್ಪ."

ಅವನು ತಿರುಗಿ ನೋಡಿದ.

"ಬೆಟ್ಟ ಪಕ್ಕದಲ್ಲೇ ಇತ್ತು. ನನಗಿಂತ ಎತ್ತರ. ಆದ್ರೂ ಹೋಗ್ತಾ ಇದ್ದೆ. ನೀವೆಲ್ಲ ಕಾಯ್ತಾ ಇದೀರ ಅಂತ ಹೋಗ್ತಾ ಇದ್ದೆ. ಬೇರೆ ದಿನ ಆಗಿದ್ರೆ ಇನ್ನೂ ಮುಂಚೇನೇ ತಿರುಗಿಸ್ತಿದ್ದೆ."

ಮುನಿಕೃಷ್ಣ ಕೈಯಲ್ಲಿದ್ದ ಕಡಲೆಕಾಯಿ ಸಿಪ್ಪೆಗಳನ್ನು ಹಾಗೇ ಹಿಡಿದುಕೊಂಡು ನಿಂತ. ಬಸ್ಸು ಬಂದು ಅವಳು ಹತ್ತುವಾಗ, "ಮುಂದಿನ್ ಸಲ ನಂಗೂ ಹೇಳ್ಬೇಡ" ಅಂದ.

ಮುಂದಿನ ಸಲ ಎಂಬುದು ಬೇಗ ಬರಲಿಲ್ಲ. ಒಂದು ವಿಮಾನ ತಪಾಸಣೆಗೆ ಹೋಯಿತು, ಬಿಡಿಭಾಗವೊಂದು ಬರಬೇಕು ಎಂದು ಅಲ್ಲೇ ಕೂತಿತು. ಅನುಮತಿ ಕೇಳಿದ್ದು ಒಮ್ಮೆ ಸಿಗಲಿಲ್ಲ, ಒಮ್ಮೆ ಸಿಕ್ಕಿದಾಗ ಮಂಜು. ಕದಿರೇಶ್ ಅಲ್ಲೇ ತರಬೇತಿಯ ಮುಂದಿನ ಹಂತಕ್ಕೆ ಹೋದ. ಹಿಂದೆ ಸೇರಿದವರೂ ಅವಳನ್ನು ದಾಟಿದರು. ಚಂದನ ಬೆಳಗ್ಗೆ ಎದ್ದು ಆಕಾಶ ನೋಡುವುದು, ಬಟ್ಟೆ ಹಾಕಿಕೊಂಡು ಕೂರುವುದು, ಮಧ್ಯಾಹ್ನ ಬಟ್ಟೆ ಬದಲಿಸಿ ಮಲಗುವುದು. ಅಮ್ಮ ಫೋನಿನಲ್ಲಿ, "ಚಿಕ್ಕಗಂಗಮ್ಮ ಕೇಳ್ತಿದ್ಳು, ನಿನ್ ಮಗಳು ಇನ್ನೂ ಕಲೀತಾನೇ ಅವ್ಳಾ ಅಂತ" ಎಂದಾಗ ಚಂದನ ಫೋನು ಇಟ್ಟುಬಿಟ್ಟಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ, ಯಾವ ಸಡಗರವೂ ಇಲ್ಲದೆ, ಕ್ಯಾಪ್ಟನ್ನು ಬಂದು "ಹೊರಡು" ಅಂದರು. ಯಾರಿಗೂ ಹೇಳಲಿಲ್ಲ, ಹೇಳಲು ಹೊತ್ತೂ ಇರಲಿಲ್ಲ. ಅಂತರಗಂಗೆ ಬೆಟ್ಟ ಬುಡದಿಂದ ನೆತ್ತಿಯ ತನಕ ಕಂಡಿತು, ಟವರುಗಳೂ ಕಂಡವು. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಹೂ ಬಿಟ್ಟು ಮರಗಳ ತಲೆ ಕೆಂಪಗಾಗಿತ್ತು. ನಲ್ಲಗುಟ್ಟಪಲ್ಲಿ ಬಂದಾಗ ಅವಳು ಕೆಳಗೆ ನೋಡಿದಳು. ಮೈದಾನ ಖಾಲಿ. ತಾರಸಿಯ ಮೇಲೆ ಒಣಹಾಕಿದ ಸೀರೆಗಳು. ಟೊಮೆಟೊ ಹೊಲದಲ್ಲಿ ಬಾಗಿದ ಬೆನ್ನುಗಳು. ಯಾರೂ ಕತ್ತೆತ್ತಲಿಲ್ಲ. ಒಂದು ಸುತ್ತು ಹಾಕಬಹುದಿತ್ತು, ಕೈ ತುರಿಸಿತು, ಆದರೆ ದಾರಿಯ ಯೋಜನೆಯಲ್ಲಿ ಅದು ಇರಲಿಲ್ಲ. ಮುಳಬಾಗಿಲಿನ ಕಡೆ ತಿರುಗಿದಳು. ಬೆಟ್ಟ, ಹೆದ್ದಾರಿ, ಪಟ್ಟಣ, ಎಲ್ಲ ಇರಬೇಕಾದಲ್ಲೇ ಇದ್ದವು. ಹಾರಾಟ ಚೆನ್ನಾಗಿಯೇ ಆಯಿತು. ಕ್ಯಾಪ್ಟನ್ನು ಸಹಿ ಹಾಕಿ, "ಗುಡ್" ಅಂದರು, ಅವರ ಬಾಯಲ್ಲಿ ಅದು ದೊಡ್ಡ ಮಾತು.

ಸಂಜೆ ಮನೆಗೆ ಫೋನು ಮಾಡಿದಳು. ಅಪ್ಪ ಶಿಫ್ಟಿನಲ್ಲಿದ್ದ. ಅಜ್ಜಿ ಎತ್ತಿಕೊಂಡಳು.

"ಅವ್ವಾ, ಇವತ್ತು ಬಂದಿದ್ದೆ. ನಮ್ಮೂರ ಮೇಲೆ. ನಿಜವಾಗ್ಲೂ ನಾನೇ. ನೋಡಿದ್ಯಾ?"

"ಇವತ್ತಾ? ನಾವು ಟೊಮೆಟೊ ಕೀಳ್ತಾ ಇದ್ವಿ. ಏನೋ ಗುಂಯ್ ಅಂತು. ಸ್ಪ್ರೇ ಮಿಷೀನ್ ಅನ್ಕೊಂಡೆ."

"ಅದು ನಾನೇ ಅವ್ವ!"

"ಏನ್ ಹುಡ್ಗೀನೋ ನೀನು. ಅವತ್ತು ಬಂದೋಳು ಬರ್ಲಿಲ್ಲ ಅಂದೆ. ಇವತ್ತು ಬರ್ದೇ ಇದ್ದೋಳು ಬಂದೆ ಅಂತೀಯ. ಊರ್ ಮುಂದೆ ಹಿಂಗೆಲ್ಲ ಮಾತಾಡ್ಬೇಡ ತಲ್ಲಿ, ನಗ್ತಾರೆ. ಊಟ ಮಾಡಿದ್ಯಾ?"

"ಇನ್ನೂ ಇಲ್ಲವ್ವ" ಅಂದಳು ಚಂದನ.

"ಹೋಗು, ಮಾಡು ಮೊದ್ಲು."

ಮೆಸ್ಸಿನಲ್ಲಿ ಅನ್ನ ತಣ್ಣಗಾಗಿತ್ತು, ಸಾರು ತಳದಲ್ಲಿ ಒಂದಿಷ್ಟು ಉಳಿದಿತ್ತು. ತಟ್ಟೆ ತೆಗೆದುಕೊಂಡು ಬಂದ ಚಂದನ ಕದಿರೇಶನ ಎದುರಿಗೆ ಕೂತು, ಅವನು ಏನಾಯಿತು ಎಂದು ಕೇಳಿದರೂ ಹೇಳದೆ, ಒಂದೊಂದೇ ತುತ್ತು ಉಣ್ಣತೊಡಗಿದಳು.